ಪರಸಿ ಕಲ್ಲಿನ ಸಂದಿಯಲ್ಲೂ ಎದ್ದಿದೆ, ಇದು ಯಾವ ಗಿಡ?

ಎರೆಮಣ್ಣಿನ ಅಂಗಳ (ಕಲಬುರಗಿ):
ನಮಸ್ಕಾರ. ಫೋಟೋ ಮಸುಕಾಗಿದೆ, ಅದಕ್ಕೇ ಬರೆದು ಹೇಳುತ್ತೇನೆ. ಮನೆ ಮುಂದೆ ಒಂದು ಸಣ್ಣ ಮಡಿ ಇದೆ, ಸುತ್ತ ಶಹಾಬಾದ್ ಕಲ್ಲು ನಿಲ್ಲಿಸಿದ್ದೇವೆ. ದಾಸವಾಳ, ಕರಿಬೇವು, ಒಂದಿಷ್ಟು ಪುಂಡಿ ಪಲ್ಯ, ಅಷ್ಟೇ. ಹೋದ ಮಳೆಗಾಲ ದಾಸವಾಳದ ಬುಡದಲ್ಲಿ ಗೇಣುದ್ದದ ಸಸಿ ಎದ್ದಿತು. ಅಗಲ ಎಲೆ, ಹಲ್ಲು ಹಲ್ಲು ಅಂಚು, ಮೇಲೆ ನವಿರು. ಸೂರ್ಯಕಾಂತಿ ಅಂದುಕೊಂಡು ಸುಮ್ನೆ ಬಿಟ್ಟೆ.

ಈಗ ಹನ್ನೊಂದು ಗಿಡ! ದೊಡ್ಡದು ನನ್ನ ಎದೆಮಟ್ಟ ಬೆಳೆದಿದೆ. ಎರಡು ಅಂಗಳದ ಪರಸಿ ಸಂದಿಯಲ್ಲಿ ಬಂದಿವೆ, ಒಂದು ಪಕ್ಕದ ಮನೆಯ ಕಾಂಪೌಂಡ್ ಒಳಗೇ ಹೋಗಿದೆ. ಆ ಮನೆಯ ಕಾಕಾ ಜಗಳಕ್ಕೆ ಬಂದಿಲ್ಲ, ದಿನಾ ಬೆಳಿಗ್ಗೆ ಗಿಡ ಎಣಿಸುತ್ತಾರೆ.

ಎಲೆ ಹಿಸುಕಿದರೆ ಹಳಸಿದ ಶೇಂಗಾ ಎಣ್ಣೆ ವಾಸನೆ. ಹೂವು ಮಾತ್ರ ದುಂಡು ಮಲ್ಲಿಗೆಯನ್ನು ಮುಷ್ಟಿಯಷ್ಟು ಒತ್ತಿ ಕಟ್ಟಿದ ಹಾಗೆ. ಬಿಳಿ, ಅಲ್ಲಲ್ಲಿ ತಿಳಿ ಗುಲಾಬಿ. ರಾತ್ರಿ ಅಂಗಳವೆಲ್ಲ ಘಮ್ ಅನ್ನುತ್ತದೆ. ಅತ್ತೆ ಅದನ್ನೇ ದೇವರಿಗೆ ಏರಿಸುತ್ತಾರೆ. ಕಿತ್ತರೆ ಅವರ ಸಿಟ್ಟು, ಬಿಟ್ಟರೆ ಕಾಕಾನ ಲೆಕ್ಕ.

ಹೊಲದ ಬದು:
ಅಕ್ಕಾ, ತಗ್ಗಿ ಗಿಡ ಇರಬಹುದಾ? ನಮ್ಮ ಬದುವಿನಲ್ಲಿದೆ, ಅದಕ್ಕೂ ಬಿಳಿ ಹೂ, ಒಳ್ಳೆ ವಾಸನೆ. ಕತ್ತರಿಸಿ ಹಾಕಿ, ಸಾಯುತ್ತದೆ.

ಕೆಂಪುಮಣ್ಣು (ಬೀದರ್):
ತಗ್ಗಿ ಅಲ್ಲ. ಅದರ ಎಲೆ ಸಣ್ಣದು, ಹೂವು ಒಂಟಿ ಸುತ್ತಿನದು. ಆದರೆ ಅದೇ ಬಳಗದ್ದು ಅನಿಸುತ್ತದೆ. ಕತ್ತರಿಸೋದು ಮಾತ್ರ ಬೇಡ ಅಕ್ಕಾ. ಎರಡು ಪ್ರಶ್ನೆ. ಹೂವು ಒಣಗಿದ ಮೇಲೆ ಕಾಯಿ ಕಟ್ಟಿತಾ? ದಾಸವಾಳ ಎಲ್ಲಿಂದ ತಂದಿರಿ?

ಎರೆಮಣ್ಣಿನ ಅಂಗಳ:
ಒಂದು ಕಾಯಿಯೂ ಇಲ್ಲ. ಹೂವು ಕಂದಾಗಿ ಗೊಂಚಲಲ್ಲೇ ಕೂತಿರುತ್ತದೆ. ದಾಸವಾಳ ನರ್ಸರಿಯದು, ಮಣ್ಣಿನ ಹೆಂಟೆ ಸಮೇತ ನೆಟ್ಟೆ. ಅಯ್ಯೋ, ಕತ್ತರಿಸೋದು ಆಗಲೇ ಆಗಿದೆ. ಯುಗಾದಿಗೆ ಮೂರು ಗಿಡ ಕಡಿದೆ, ಅಲ್ಲೇ ಏಳು ಬಂದವು.

ಕೆಂಪುಮಣ್ಣು (ಬೀದರ್):
ಹಾಗಾದರೆ ಖಾತ್ರಿ. ಕ್ಲೆರೋಡೆಂಡ್ರಮ್ ಚೈನೆನ್ಸ್, ಚೀನಾದ ದಕ್ಷಿಣ ಭಾಗದ ಕಡೆಯದು. ಹವಾಯಿಯಲ್ಲಿ ಇದನ್ನು ಕರೆಯೋದೇ 'ನಾರುವ ಮಲ್ಲಿಗೆ' ಅನ್ನೋ ಅರ್ಥದಲ್ಲಿ. ಈ ಸುತ್ತು ಹೂವಿನ ಜಾತಿ ಬೀಜ ಕಟ್ಟೋದಿಲ್ಲ. ಅಂದರೆ ಗಾಳಿ, ಹಕ್ಕಿ ತಂದದ್ದಲ್ಲ. ದಾಸವಾಳದ ಹೆಂಟೆಯಲ್ಲೇ ಬೇರಿನ ತುಂಡು ಬಂದಿರಬೇಕು.

ಬೇರು ನೆಲದಡಿ ಅಡ್ಡ ಓಡುತ್ತದೆ, ದೂರ ಹೋಗಿ ಚಿಗುರುತ್ತದೆ. ಮೇಲೆ ಕಡಿದಷ್ಟೂ ಕೆಳಗಿನಿಂದ ಜಾಸ್ತಿ ಮೊಳಕೆ. ಎರೆ ಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು, ಅಲ್ವಾ? ಮಳೆಯಾಗಿ ಮೂರ್ನಾಲ್ಕು ದಿನಕ್ಕೆ ಹದ ಬಂದಾಗ ಹಾರೆ ಹಾಕಿ. ಬೇರನ್ನು ಎಳೆಯಬೇಡಿ, ಹರಿಯುತ್ತದೆ. ಅದು ಹೋದ ದಾರಿಯಲ್ಲೇ ಅಗೆಯಿರಿ. ಕಿತ್ತದ್ದನ್ನು ತಿಪ್ಪೆಗೆ ಹಾಕದೆ ಪರಸಿ ಮೇಲೆ ಬಿಸಿಲಿಗೆ ಒಣಗಿಸಿ. ಮತ್ತೆ ಚಿಗುರಿದರೆ ಬೆರಳುದ್ದ ಇರುವಾಗಲೇ ತೆಗೆಯಿರಿ. ವರ್ಷವಿಡೀ ಕೆಲಸ ಇದೆ.

ಅತ್ತೆಗೆ ಒಂದನ್ನು ಸಿಮೆಂಟ್ ಕುಂಡದಲ್ಲಿ ಇಡಿ, ಮಣ್ಣಿನ ಮೇಲಲ್ಲ, ಕಲ್ಲಿನ ಮೇಲೆ. ತಳದ ತೂತಿನಿಂದಲೂ ಬೇರು ಇಳಿಯುತ್ತದೆ.

ಎರೆಮಣ್ಣಿನ ಅಂಗಳ:
ಭಾನುವಾರ ಅಗೆದೆವು. ಒಂದು ಬೇರು ಮೆಟ್ಟಿಲ ಕೆಳಗೇ ಹೋಗಿದೆ, ಅದನ್ನು ಬಿಡಬೇಕಾಯಿತು. ಅತ್ತೆ ಕುಂಡಕ್ಕೆ ಒಪ್ಪಿದ್ದಾರೆ, ಎರಡು ಕುಂಡಕ್ಕೆ. ಇವತ್ತು ಬೆಳಿಗ್ಗೆ ಗೋಡೆಯ ಆ ಕಡೆಯಿಂದ ಕಾಕಾ ಕೂಗಿದರು: "ಹನ್ನೆರಡಾತು ನೋಡವ್ವಾ!"