ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂದು ಬಂದ ಫಾರ್ವರ್ಡ್

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ 31 ಜನ ಇದ್ದೇವೆ. ಅರ್ಧದಷ್ಟು ಜನ ಮೂಡಿಗೆರೆ, ಚಿಕ್ಕಮಗಳೂರು, ಹಾಸನದವರು. ಉಳಿದವರು ಬೆಂಗಳೂರು ಸೇರಿದ್ದೇವೆ. ಬೆಳಿಗ್ಗೆ ಆರಕ್ಕೆ ಶುಭೋದಯದ ಗುಲಾಬಿ, ಸಂಜೆ ಕಾಫಿ ರೇಟು, ಮಧ್ಯೆ ಯಾರದ್ದೋ ಮಗುವಿನ ಫೋಟೋ. ಜಗಳ ಆಗುವುದೇ ಅಪರೂಪ. ಜನವರಿಯ ಒಂದು ಭಾನುವಾರ ಆಯಿತು, ಗ್ರಾಚ್ಯುಟಿ ಬಗ್ಗೆ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ತಕ್ಕಂತೆ ಮಾಲೀಕರು ಕೊಡುವ ಹಣದ ಬಗ್ಗೆ. ನನ್ನದು ಸಂಬಳದ ಲೆಕ್ಕ ಹಾಕುವ ಕೆಲಸ, ಹಾಗಾಗಿ ಸುಮ್ನಿರಲು ಆಗಲಿಲ್ಲ. ಹೆಸರುಗಳನ್ನು ಬದಲಾಯಿಸಿ ಇಲ್ಲಿ ಹಾಕಿದ್ದೇನೆ.

ರಾಘು ಮಾವ: 🔥🔥 ಖಾಸಗಿ ನೌಕರರಿಗೆ ಬಂಪರ್! ಇನ್ನು ಗ್ರಾಚ್ಯುಟಿಗೆ 5 ವರ್ಷ ಕಾಯಬೇಕಿಲ್ಲ. 1 ವರ್ಷ ಕೆಲಸ ಮಾಡಿದ ಎಲ್ಲರಿಗೂ ಹಣ. ಕೆಲಸ ಬಿಟ್ಟ 2 ದಿನದಲ್ಲಿ ಖಾತೆಗೆ ಜಮಾ. ಎಲ್ಲ ಗುಂಪಿಗೂ ಕಳಿಸಿ.

ಸುನೀಲ: ಮಾವ, ಇದು ನಿಜಾನಾ? ನಾಳೆ ರಾಜೀನಾಮೆ ಹಾಕಬೇಕು ಅಂತಿದ್ದೆ. ಬೆಂಗಳೂರಿನಲ್ಲಿ ತಿಂಗಳಿಗೆ 6,000 ಜಾಸ್ತಿ ಕೊಡುತ್ತಾರಂತೆ. ಇಲ್ಲಿ 4 ವರ್ಷ 2 ತಿಂಗಳು ಆಯಿತು. ಗ್ರಾಚ್ಯುಟಿ ಹೋಗುತ್ತದಲ್ಲಾ ಅಂತ ಯೋಚನೆ ಮಾಡುತ್ತಿದ್ದೆ.

ರಾಘು ಮಾವ: ಇನ್ನೇನು ಯೋಚನೆ, ಹಾಕು ಹಾಕು. ಕಾನೂನೇ ಬದಲಾಗಿದೆ.

ನಾನು: ಸುನೀ, ಒಂದು ನಿಮಿಷ ತಡಿ. ಮಾವ, ಇದರಲ್ಲಿ ಅರ್ಧ ಮಾತ್ರ ನಿಜ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು, ಅಂದರೆ ಕಾರ್ಮಿಕ ಕಾನೂನುಗಳು, ಜಾರಿಗೆ ಬಂದಿವೆ, ಅದು ಸರಿ. ಆದರೆ ಒಂದು ವರ್ಷದ ಲೆಕ್ಕ ಇರುವುದು ನಿಗದಿತ ಅವಧಿಗೆ ನೇಮಕ ಆದವರಿಗೆ. ಆರ್ಡರಿನಲ್ಲೇ 'ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ' ಎಂದು ಬರೆದಿರಬೇಕು. ಕಾಯಂ ಕೆಲಸದವರಿಗೆ ಇವತ್ತಿಗೂ ಐದು ವರ್ಷವೇ.

ರಾಘು ಮಾವ: ಅಂದರೆ ನಾನು ಗುಂಪಿಗೆ ಸುಳ್ಳು ಹಾಕಿದೆ ಅಂತಲೋ?

ನಾನು: ನೀವಲ್ಲ ಮಾವ, ಬರೆದವನು 'ಎಲ್ಲರಿಗೂ' ಅಂತ ಸೇರಿಸಿದ್ದಾನೆ.

ರಾಘು ಮಾವ: ನಮ್ಮ ವಾಕಿಂಗ್ ಗುಂಪಿನಲ್ಲಿ ಒಬ್ಬ ಲಾಯರ್ ಕೂಡ ಇದನ್ನೇ ಹಾಕಿದ್ದಾರೆ. ನಿನಗಿಂತ ಅವರಿಗೆ ಗೊತ್ತಿರುತ್ತದೆ ತಾಯಿ.

(ಈ 'ತಾಯಿ' ಅನ್ನುವುದು ನಮ್ಮ ಮನೆಯಲ್ಲಿ ಪ್ರೀತಿಯ ಮಾತಲ್ಲ.)

ಸುನೀಲ: ಹಾಗಾದರೆ 2 ದಿನದಲ್ಲಿ ಜಮಾ ಅನ್ನುವುದು?

ನಾನು: ಅದು ಬಾಕಿ ಸಂಬಳಕ್ಕೆ. ಕೆಲಸ ಬಿಟ್ಟ ಮೇಲೆ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಮಾಡಬೇಕು. ಗ್ರಾಚ್ಯುಟಿಗೆ 30 ದಿನ ಸಮಯ ಇದೆ. ಎರಡನ್ನೂ ಒಟ್ಟಿಗೆ ಹಾಕಿ ಕಲಸಿದ್ದಾರೆ.

ಸುನೀಲ: ನಮ್ಮ ಫ್ಯಾಕ್ಟರಿಯಲ್ಲಿ ಏಜೆನ್ಸಿ ಕಡೆಯ ಹುಡುಗರು ಇದ್ದಾರೆ. ಅವರದ್ದು ನಿಗದಿತ ಅವಧಿಯಾ?

ನಾನು: ಅಲ್ಲ. ಅವರು ಗುತ್ತಿಗೆದಾರರ ಕೆಲಸಗಾರರು, ಅವರ ಲೆಕ್ಕ ಬೇರೆ. ನೀನು ಮೊದಲು ನಿನ್ನ ಆರ್ಡರ್ ತೆಗೆದು ನೋಡು.

ಅವನು ಆರ್ಡರ್ ಹುಡುಕಲು ಹೋದ. ಅಷ್ಟರಲ್ಲಿ ಮಾವ ತಾವೇ ಲೆಕ್ಕ ಮಾಡಿ ಹಾಕಿದರು. ಕೈಬರಹದ ಚೀಟಿಯ ಫೋಟೋ, ಪಕ್ಕದಲ್ಲಿ ಕಾಫಿ ಲೋಟ.

ರಾಘು ಮಾವ: ಸುನೀಲನ ಸಂಬಳ 21,000. ತಿಂಗಳಿಗೆ 30 ದಿನ. ವರ್ಷಕ್ಕೆ 15 ದಿನದ ಸಂಬಳ, ಅಂದರೆ 10,500. ನಾಲ್ಕು ವರ್ಷಕ್ಕೆ 42,000. ಬಿಡುವ ದುಡ್ಡಾ ಇದು?

ನಾನು: ಮಾವ, 21,000 ಹಿಡಿಯುವ ಹಾಗಿಲ್ಲ. ಮುಖ್ಯವಾಗಿ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ). ಸುನೀ, ಸ್ಲಿಪ್ಪಿನಲ್ಲಿ ಎಷ್ಟಿದೆ?

ಸುನೀಲ: ಎರಡೂ ಸೇರಿ 13,000.

ನಾನು: ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. ವರ್ಷಕ್ಕೆ ಅಷ್ಟು. ಐದು ವರ್ಷ ತುಂಬಿದರೆ 37,500. ಈಗ ಬಿಟ್ಟರೆ ಸೊನ್ನೆ.

ರಾಘು ಮಾವ: 26 ಎಲ್ಲಿಂದ ಬಂತು? ಯಾವ ತಿಂಗಳಿಗೆ 26 ದಿನ?

ದೊಡ್ಡಪ್ಪ: ಭಾನುವಾರ ನಾಲ್ಕು ಕಳೆ ರಾಘು. ನಿನ್ನ 30ಕ್ಕಿಂತ ಇದರಲ್ಲಿ ದಿನದ ಕೂಲಿ ಜಾಸ್ತಿ ಬೀಳುತ್ತದೆ. ನೌಕರನಿಗೇ ಲಾಭ.

ದೊಡ್ಡಪ್ಪ ಗುಂಪಿನಲ್ಲಿ ವಾರಕ್ಕೊಮ್ಮೆ ಮಾತಾಡುವವರು. ಅದೂ ಮಳೆ ಎಷ್ಟು ಬಂತು ಎಂದು ಹೇಳಲು. ಆ ದಿನ ಟೈಪಿಂಗ್ ಎಂದು ಬಹಳ ಹೊತ್ತು ತೋರಿಸಿತು.

ದೊಡ್ಡಪ್ಪ: ನಾನು ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯುವವನು) ಆಗಿ ಸೇರಿದ್ದು 1985. ಬಿಟ್ಟಿದ್ದು 2011. ಕೊನೆಯ ಸಂಬಳ 7,800. ಗ್ರಾಚ್ಯುಟಿ ಕೇಳಿದರೆ ಧಣಿ ಹೇಳಿದ್ದು, 'ಪಿಎಫ್ ಕೊಟ್ಟಾಯಿತಲ್ಲ, ಇರಲು ಮನೆ ಕೊಟ್ಟಿದ್ದೆವಲ್ಲ, ಇನ್ನೇನು?' ಪಿಎಫ್ ಬೇರೆ, ಇದು ಬೇರೆ. ಪಿಎಫ್‌ನಲ್ಲಿ ನಮ್ಮ ಸಂಬಳದಿಂದಲೂ ಹಿಡಿಯುತ್ತಾರೆ. ಗ್ರಾಚ್ಯುಟಿ ಪೂರ್ತಿ ಮಾಲೀಕರು ಕೊಡಬೇಕಾದ್ದು. ತೋಟಕ್ಕೂ 1972ರ ಗ್ರಾಚ್ಯುಟಿ ಕಾನೂನು ಅನ್ವಯ ಆಗುತ್ತಿತ್ತು.

ಆಮೇಲೆ 24 ವರ್ಷಕ್ಕೆ ಮಾತ್ರ ಕೊಡುತ್ತೇವೆ ಅಂದರು. ಮೊದಲ ಎರಡು ವರ್ಷದ ಚೆಕ್‌ರೋಲಿಗೆ, ಅಂದರೆ ಹಾಜರಿ ಪುಸ್ತಕಕ್ಕೆ, ಗೆದ್ದಲು ಹಿಡಿದಿದೆ ಅಂತ. ಆ ಚೆಕ್‌ರೋಲ್ ಬರೆದವನು ನಾನೇ! ಆದರೆ ನನ್ನ ಹತ್ತಿರ 1985ರ ಡೈರಿ ಇತ್ತು. ದಿನಾ ಎಷ್ಟು ಆಳು, ಯಾವ ಪಟ್ಟೆಯಲ್ಲಿ ಕಸಿ, ಎಲ್ಲ ಬರೆದಿಟ್ಟಿದ್ದೆ. ಜೊತೆಗೆ ಪಿಎಫ್ ಸ್ಲಿಪ್. ಲೇಬರ್ ಆಫೀಸಿಗೆ ಅರ್ಜಿ ಹಾಕಿದೆ. ಹನ್ನೊಂದು ತಿಂಗಳು ಓಡಾಡಿದೆ. 26 ವರ್ಷ ಅಂತಲೇ ಆಯಿತು. ಭಾಗಿಸುವ 26ಕ್ಕೂ ವರ್ಷದ 26ಕ್ಕೂ ಹೊಡೆದು ಹೋಗಿ 7,800 ಗುಣಿಸು 15, ಅಂದರೆ 1,17,000. ತಡ ಮಾಡಿದ್ದಕ್ಕೆ 10 ಪರ್ಸೆಂಟ್ ಬಡ್ಡಿ, 10,725 ರೂಪಾಯಿ. ಆ ಬಡ್ಡಿಯಲ್ಲಿ ನಿಮ್ಮ ದೊಡ್ಡಮ್ಮ ಗ್ರೈಂಡರ್ ತಗೊಂಡಳು.

ಚಿಕ್ಕಮ್ಮ: ಅದು ಈಗಲೂ ತಿರುಗುತ್ತಿದೆ 😄

ಸುನೀಲ: ಆರ್ಡರ್ ಸಿಕ್ಕಿತು. ಕಾಯಂ ಅಂತಲೇ ಇದೆ. ಸೇರಿದ್ದು 2021ರ ನವೆಂಬರ್. ಒಂದು ಡೌಟು. ಆರು ತಿಂಗಳು ದಾಟಿದರೆ ಪೂರ್ತಿ ವರ್ಷ ಅಂತ ಹಿಡಿಯುತ್ತಾರಂತೆ. ಹಾಗಾದರೆ ನಾಲ್ಕೂವರೆ ದಾಟಿದ ಮೇಲೆ ಬಿಡಬಹುದಲ್ಲ?

ನಾನು: ಆ ಸವಲತ್ತು ಅರ್ಹತೆ ಬಂದ ಮೇಲೆ, ಮೊತ್ತದ ಲೆಕ್ಕಕ್ಕೆ. 7 ವರ್ಷ 8 ತಿಂಗಳಾದರೆ 8 ವರ್ಷ ಎನ್ನುತ್ತಾರೆ. ಐದು ವರ್ಷದ ಗೆರೆ ದಾಟಲು ಅದು ಬರುವುದಿಲ್ಲ. ನಾಲ್ಕು ವರ್ಷ ಆಗಿ ಐದನೆಯ ವರ್ಷದಲ್ಲಿ 240 ದಿನ ಕೆಲಸ ಮಾಡಿದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ ತೀರ್ಪು ಇದೆ. ಅದನ್ನು ಹಿಡಿದು ಫ್ಯಾಕ್ಟರಿ ಜೊತೆ ಕೋರ್ಟಿಗೆ ಅಲೆಯುವ ಮನಸ್ಸಿದ್ದರೆ ಬೇರೆ ಮಾತು. ನಾನಾಗಿದ್ದರೆ ನವೆಂಬರ್ ದಾಟಿಸುತ್ತಿದ್ದೆ.

ಸುನೀಲ: ಅಷ್ಟರೊಳಗೆ ಫ್ಯಾಕ್ಟರಿಯೇ ಮುಚ್ಚಿದರೆ?

ನಾನು: ಆ ಭಯ ಇರುವುದಕ್ಕೇ ಕರ್ನಾಟಕದಲ್ಲಿ 2024ರಲ್ಲಿ ಗ್ರಾಚ್ಯುಟಿಗೆ ವಿಮೆ ಕಡ್ಡಾಯ ಎಂದು ನಿಯಮ ತಂದರು. ನಿಮ್ಮಲ್ಲಿ ಮಾಡಿಸಿದ್ದಾರಾ ಅಂತ ಎಚ್‌ಆರ್ ಹತ್ತಿರ ಕೇಳು. ಮೇಲ್ ಹಾಕಿಯೇ ಕೇಳು.

ರಾಘು ಮಾವ: ಅಲ್ಲಮ್ಮ, ಹತ್ತು ತಿಂಗಳು ಕಾದರೆ 37,500. ಈಗಲೇ ಹೋದರೆ ತಿಂಗಳಿಗೆ 6,000ದಂತೆ 60,000. ನಿನ್ನ ಲೆಕ್ಕದಲ್ಲೇ ಬಿಡುವುದು ಲಾಭ ಆಯಿತಲ್ಲ?

ಇದಕ್ಕೆ ನನ್ನ ಹತ್ತಿರ ಥಟ್ಟನೆ ಉತ್ತರ ಇರಲಿಲ್ಲ. ಮಾವ ಹೇಳಿದ್ದು ಸರಿಯೇ ಇತ್ತು. ಗ್ರಾಚ್ಯುಟಿಗಾಗಿಯೇ ಒಂದು ಕಡೆ ಕೊಳೆಯುವವರನ್ನು ನಾನೂ ನೋಡಿದ್ದೇನೆ.

ಚಿಕ್ಕಮ್ಮ: ಬೆಂಗಳೂರಿನಲ್ಲಿ ಬಾಡಿಗೆ ಯಾರು ಕೊಡುತ್ತಾರೆ? ಇಲ್ಲಿ ಮನೆ ಊಟ, ಮನೆ ಹಾಲು. ನಾನು ಕಳಿಸುವುದಿಲ್ಲ.

ಸುನೀಲ: ಅಮ್ಮ, ಗುಂಪಿನಲ್ಲಿ ಬೇಡ.

ನಾನು: ಹೋಗುವುದು ಬಿಡುವುದು ನಿನ್ನಿಷ್ಟ ಸುನೀ. ಹಣ ಬರುತ್ತದೆ ಎಂದು ನಂಬಿ ಹೋಗಬೇಡ, ಅಷ್ಟೇ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಲಕ್ಷ್ಮಿ ಅತ್ತೆ ಎಲ್ಲವನ್ನೂ ಓದುತ್ತಾರೆ, ಏನೂ ಬರೆಯುವುದಿಲ್ಲ. ಅವತ್ತು ಬರೆದರು.

ಲಕ್ಷ್ಮಿ ಅತ್ತೆ: ನಿಮ್ಮ ಮಾಮ ಹೋದಾಗ ಅಂಗಡಿಯವರೂ ಇದನ್ನೇ ಹೇಳಿದ್ದರು. ಐದು ವರ್ಷ ಆಗಿಲ್ಲ, ಏನೂ ಬರುವುದಿಲ್ಲ ಅಂತ. 3 ವರ್ಷ 8 ತಿಂಗಳು ಆಗಿತ್ತು.

ನಾನು: ಅತ್ತೆ, ಕೆಲಸದಲ್ಲಿದ್ದಾಗ ತೀರಿಕೊಂಡರೆ ಐದು ವರ್ಷದ ಷರತ್ತು ಇಲ್ಲವೇ ಇಲ್ಲ. ಹಳೆಯ ಕಾನೂನಿನಲ್ಲೂ ಇರಲಿಲ್ಲ. ಅಲ್ಲಿ ಎಷ್ಟು ಜನ ಕೆಲಸಕ್ಕಿದ್ದರು?

ಲಕ್ಷ್ಮಿ ಅತ್ತೆ: ಗೋಡೌನ್ ಸೇರಿ ಇಪ್ಪತ್ತರ ಮೇಲೆ.

ನಾನು: ಹತ್ತು ಇದ್ದರೆ ಸಾಕಿತ್ತು. ಮಾಮನ ಬೇಸಿಕ್ ನೆನಪಿದೆಯಾ?

ಲಕ್ಷ್ಮಿ ಅತ್ತೆ: 10,400. ಸ್ಲಿಪ್ ಇಟ್ಟಿದ್ದೇನೆ. 2019ರದ್ದು. ಈಗ ಹೇಗೆ ಕೇಳುವುದು?

ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. ನೀಲಿ ಟಿಕ್ ಮಾತ್ರ.

ನಾನು: ವರ್ಷಕ್ಕೆ 6,000. 3 ವರ್ಷ 8 ತಿಂಗಳನ್ನು 4 ಎಂದು ಹಿಡಿಯಬೇಕು. 24,000, ಅದರ ಮೇಲೆ ಬಡ್ಡಿ ಕೇಳಬಹುದು. ನಾಮಿನಿ 30 ದಿನದಲ್ಲಿ, ವಾರಸುದಾರರು ಒಂದು ವರ್ಷದಲ್ಲಿ ಅರ್ಜಿ ಹಾಕಬೇಕು ಅಂತಿತ್ತು. ಆದರೆ ತಡ ಆಯಿತು ಅನ್ನುವ ಒಂದೇ ಕಾರಣಕ್ಕೆ ತಳ್ಳಿಹಾಕುವ ಹಾಗಿಲ್ಲ ಎಂದೂ ಅದೇ ನಿಯಮದಲ್ಲಿದೆ. ಸಿಗುತ್ತದೆ ಅಂತ ಈಗಲೇ ಮಾತು ಕೊಡಲಾರೆ. ಕೇಳೋಣ.

ಲಕ್ಷ್ಮಿ ಅತ್ತೆ: ಅವರು ತಿಥಿಗೆ ಬಂದು 5,000 ಕೊಟ್ಟು ಹೋಗಿದ್ದರು. ಈಗ ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲವಾ?

ದೊಡ್ಡಪ್ಪ: ಮಾಡಿಕೊಳ್ಳಲಿ ಲಕ್ಷ್ಮೀ. ನಾಳೆ ಕಣದಲ್ಲಿ ಕಾಫಿ ಹರಡಿ ಒಂಬತ್ತೂವರೆ ಬಸ್ಸಿಗೆ ಹೊರಡುತ್ತೇನೆ. ಹನುಮಂತಪ್ಪ ಸರ್ಕಲ್ ಹತ್ತಿರ ಇರು. ಡೆತ್ ಸರ್ಟಿಫಿಕೇಟು, ಸ್ಲಿಪ್ಪು, ಆಧಾರ್, ಏನಿದ್ದರೂ ತಾ. ಮೊದಲು ಅಂಗಡಿಗೆ ಹೋಗಿ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳೋಣ. ಕೊಡದಿದ್ದರೆ ಲೇಬರ್ ಆಫೀಸ್ ದಾರಿ ನನಗೆ ಗೊತ್ತು.

ಮೇಲೆ, ಮಾವನ ಫಾರ್ವರ್ಡ್ ಇದ್ದ ಜಾಗದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಎಂದು ಕಾಣಿಸಿತು. ಐದು ನಿಮಿಷ ಬಿಟ್ಟು ಅವರದ್ದೇ ಇನ್ನೊಂದು ಮೆಸೇಜ್.

ರಾಘು ಮಾವ: ಲಕ್ಷ್ಮೀ, ಬರುವಾಗ ಒರಿಜಿನಲ್ ಯಾರ ಕೈಗೂ ಕೊಡಬೇಡ. ಸರ್ಕಲ್ ಹತ್ತಿರ ನಾನೂ ಬರುತ್ತೇನೆ. ಮೂರು ಸೆಟ್ ಜೆರಾಕ್ಸ್ ಮಾಡಿಸೋಣ.