ತೂಗು ಮೇಲ್ಗಾಲುವೆ: ‘ಟ್ರಂಕ್’, ‘ಕೇಬಲ್’, ‘ಜೀರ್ಣೋದ್ಧಾರ’

ಬಲ್ಲವರಲ್ಲಿ ವಿಚಾರಣೆ. ಅಮೆರಿಕದ ಡೆಲವೇರ್ ನದಿಗೆ ಅಡ್ಡಲಾಗಿ, ಪೆನ್ಸಿಲ್ವೇನಿಯಾದ ಲ್ಯಾಕವಾಕ್ಸೆನ್‌ನಿಂದ ನ್ಯೂಯಾರ್ಕ್ ದಡದ ಮಿನಿಸಿಂಕ್ ಫೋರ್ಡ್‌ಗೆ ಎಂಜಿನಿಯರ್ ಜಾನ್ ರೋಬ್ಲಿಂಗ್ ಕಟ್ಟಿದ ಅಕ್ವಡಕ್ಟ್ (ಕಾಲುವೆಯನ್ನೇ ನದಿಯ ಮೇಲೆ ದಾಟಿಸುವ ಸೇತುವೆ) ಬಗೆಗಿನ ಬರಹವೊಂದು ಕನ್ನಡಕ್ಕೆ ಆಗುತ್ತಿದೆ. ‘ತೂಗುಸೇತುವೆ’ಯ ಜಾಡಿನಲ್ಲಿ ‘ತೂಗು ಮೇಲ್ಗಾಲುವೆ’ ಎಂದು ಇಟ್ಟುಕೊಂಡಿದ್ದೇವೆ. ಮೂರು ಕಡೆ ಪದ ಕೂರುತ್ತಿಲ್ಲ. ನೀರು ಹರಿಯುವ ಮರದ ಭಾಗಕ್ಕೆ, ಅಂದರೆ ‘ಟ್ರಂಕ್’ಗೆ, ‘ದೋಣಿ’ ಎನ್ನಬಹುದೇ? ಕೇಬಲ್‌ಗೆ ‘ತಂತಿಹಗ್ಗ’ ನಡೆದೀತೇ? 1980ರ ನಂತರ ಅಲ್ಲಿ ನಡೆದ ಕೆಲಸವನ್ನು ‘ಜೀರ್ಣೋದ್ಧಾರ’ ಎಂದರೆ ತಪ್ಪೇ?

*

‘ತೂಗು ಮೇಲ್ಗಾಲುವೆ’ ಚೆನ್ನಾಗಿಯೇ ಇದೆ ಸರ್, ಬದಲಿಸಬೇಡಿ.

‘ದೋಣಿ’ ಮಾತ್ರ ಬೇಡ. ಕಲ್ಲುದೋಣಿ, ದನಗಳು ನೀರು ಕುಡಿಯುವ ದೋಣಿ ನಮ್ಮಲ್ಲಿ ಇರುವುದು ನಿಜ. ಆದರೆ ಇದು ಡೆಲವೇರ್ ಅಂಡ್ ಹಡ್ಸನ್ ಕಾಲುವೆಯ ಕಲ್ಲಿದ್ದಲು ದೋಣಿಗಳು ನದಿ ದಾಟುತ್ತಿದ್ದ ಜಾಗ. ‘ದೋಣಿಯಲ್ಲಿ ದೋಣಿ ಸಾಗಿತು’ ಎಂದು ಬರೆಯಬೇಕಾದೀತು! ಕರಾವಳಿ, ಮಲೆನಾಡಿನ ‘ದಂಬೆ’ ತೆಗೆದುಕೊಳ್ಳಿ. ಅಡಿಕೆ ಮರ ಸೀಳಿ, ತಿರುಳು ತೆಗೆದು, ಕವೆಗೋಲುಗಳ ಮೇಲಿಟ್ಟು ತೋಟಕ್ಕೆ ನೀರು ತರುವ ದಂಬೆಯ ಕೆಲಸವೇ ಇದರದೂ. ರೋಬ್ಲಿಂಗ್ 1845ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಟ್ಟಿದ್ದ ಮೇಲ್ಗಾಲುವೆಯಲ್ಲಿ ದಂಬೆ ಎಂದರೆ ಎರಡೂವರೆ ಅಂಗುಲ ದಪ್ಪದ ಪೈನ್ ಹಲಗೆಗಳ ಎರಡು ಪದರ. ಎರಡೂ ಓರೆ, ಒಂದರ ಓರೆಗೆ ಇನ್ನೊಂದು ಅಡ್ಡ. ಹಾಗಾಗಿ ಅದು ನೀರು ಹಿಡಿಯುವ ಗೋಡೆಯಷ್ಟೇ ಆಗದೆ ತನ್ನ ಭಾರ ತಾನೇ ತಡೆದು, ಗಾಳಿಗೂ ಬಗ್ಗದಷ್ಟು ಬಿಗಿಯಾಗುತ್ತದೆ. ‘ಪೆಟ್ಟಿಗೆ’, ‘ತೊಟ್ಟಿ’ ಎಂದರೆ ನಿಂತ ನೀರಿನ ಅರ್ಥ ಬರುತ್ತದೆ.

ಇದೇ ಜಾಗದಲ್ಲಿ ‘ದೋಣಿಗಳ ಭಾರ ಹೊರುವ ಕೇಬಲ್’ ಎಂದು ಬರೆದಿದ್ದರೆ ತಿದ್ದಿಬಿಡಿ. ತೇಲುವ ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ದೋಣಿ ಬಂದರೂ ಹೋದರೂ ಕೇಬಲ್‌ಗೆ ಬೀಳುವ ಭಾರ ಹೆಚ್ಚುಕಡಿಮೆ ಅಷ್ಟೇ. ಹೊರುವುದು ನೀರನ್ನು.

ಕೇಬಲ್ ವಿಷಯ. ಹಗ್ಗವೆಂದರೆ ಹೊಸೆದದ್ದು, ಇಲ್ಲಿ ಹೊಸೆತವೇ ಇಲ್ಲ. ಒಂದೊಂದು ಕೇಬಲ್‌ನಲ್ಲೂ 2,150 ಮೆದು ಕಬ್ಬಿಣದ ತಂತಿಗಳು ತಿರುವಿಲ್ಲದೆ ಅಕ್ಕಪಕ್ಕ ಮಲಗಿವೆ. ಅವನ್ನು ಏಳು ಎಳೆಗಳಾಗಿ ಕೂಡಿಸಿ, ಒಟ್ಟಿಗೆ ಒತ್ತಿ, ಹೊರಗಿನಿಂದ ಒತ್ತೊತ್ತಾಗಿ ತಂತಿ ಸುತ್ತಿದ್ದಾರೆ. ವ್ಯಾಸ ಎಂಟೂವರೆ ಅಂಗುಲ. ಆದ್ದರಿಂದ ‘ಕೇಬಲ್’ ಹಾಗೇ ಇರಲಿ, ಒಳಗಿನ ಏಳಕ್ಕೆ ‘ಎಳೆ’, ಹೊರಗಿನದಕ್ಕೆ ‘ಸುತ್ತುತಂತಿ’. ‘ಹುರಿ’ ಎಲ್ಲಿಯೂ ಬೇಡ. ಸುತ್ತುತಂತಿಗೆ ಬೇರೆ ಹೆಸರು ಕೊಡಲೇಬೇಕು, ಏಕೆಂದರೆ ಅದು ಭಾರ ಎಳೆಯುವುದಿಲ್ಲ. ಒಳಗಿನ ತಂತಿ ಚದುರದಂತೆ, ಮಳೆನೀರು ಇಳಿಯದಂತೆ ಕಾಯುತ್ತದೆ. ಅದು ಬಿಟ್ಟುಕೊಂಡರೆ ನೀರು ಒಳಗೊಳಗೇ ಜೋಲಿನ ತಗ್ಗಿಗೆ ಹರಿದು ನಿಂತು, ಹೊರಗೆ ಬಣ್ಣ ಚೆನ್ನಾಗಿದ್ದಾಗಲೇ ಒಳಗೆ ತುಕ್ಕು ಹತ್ತುತ್ತದೆ. ‘ತಂತಿಹಗ್ಗ’ ನಿಮಗೆ ಬೇರೆಡೆ ಬೇಕಾಗುತ್ತದೆ: ರೋಬ್ಲಿಂಗ್ 1841ರಿಂದ ಸ್ಯಾಕ್ಸನ್‌ಬರ್ಗ್‌ನಲ್ಲಿ ಹೊಸೆಯುತ್ತಿದ್ದದ್ದು ಅದನ್ನೇ. ಎರಡಕ್ಕೂ ಒಂದೇ ಪದ ಬಳಸಿದರೆ ಓದುಗ ಕೆಡುತ್ತಾನೆ.

‘ಜೀರ್ಣೋದ್ಧಾರ’ ಎಂದ ಕೂಡಲೇ ಕನ್ನಡಿಗರ ಕಣ್ಣಿಗೆ ಕಟ್ಟುವುದು ಹೊಸ ಮಂಟಪ ಎದ್ದ ದೇವಸ್ಥಾನ. ಯಾವುದು ಹಳತು, ಯಾವುದು ಹೊಸತು ಎಂಬುದು ಅದರಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಮುಖ್ಯವಾದದ್ದು ಅದೇ. 1898ರಲ್ಲಿ ಕಾಲುವೆ ನಿಂತು ನೀರು ಬರಿದಾದ ಮೇಲೆ ಇದು ಸುಂಕದ ಸೇತುವೆಯಾಯಿತು, ದಂಬೆಯ ಮರ ಹೋಯಿತು. 1980ರಲ್ಲಿ ಅಮೆರಿಕ ಸರ್ಕಾರದ ಸಂಸ್ಥೆ ನ್ಯಾಷನಲ್ ಪಾರ್ಕ್ ಸರ್ವಿಸ್ ಇದನ್ನು ಕೊಂಡುಕೊಂಡಿತು. 1983ರ ಪ್ರಯೋಗಾಲಯ ಪರೀಕ್ಷೆಯಲ್ಲಿ ಹಳೆಯ ಕೇಬಲ್‌ಗಳೇ ಭಾರ ಹೊರಬಲ್ಲವೆಂದು ತಿಳಿಯಿತು. ಕೇಬಲ್, ಕಂಬದ ಮೇಲೆ ಅದು ಕೂತಿರುವ ಬೀಡುಕಬ್ಬಿಣದ ಸ್ಯಾಡಲ್, ಕೇಬಲ್‌ನಿಂದ ಇಳಿಬಿದ್ದ ತೂಗುಸರಳು ಬಹುಪಾಲು ಮೂಲದವು: ಇವುಗಳಿಗೆ ‘ಸಂರಕ್ಷಣೆ’. ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ದಾರಿ ಸೇರಿ ಮೇಲಿನ ಮರದ ಕೆಲಸವನ್ನು 1995ರಲ್ಲಿ ರೋಬ್ಲಿಂಗನ ನಕ್ಷೆ, ಟಿಪ್ಪಣಿ ಹಿಡಿದು ಮಾಡಿದರು: ಅದಕ್ಕೆ ‘ಮರುನಿರ್ಮಾಣ’. ಈಗ ಒಂಟಿಸಾಲಿನಲ್ಲಿ ವಾಹನ ಓಡುವ ಹಾಸು ಎರಡೂ ಅಲ್ಲ, ಅದು ಹೊಸದೇ.

ಕೇಳದಿದ್ದರೂ ಇನ್ನೊಂದು. ‘ಐಸ್‌ಬ್ರೇಕರ್’ ಎಂದು ಹಾಗೇ ಬಿಟ್ಟರೆ ಹಡಗು ಎಂದುಕೊಂಡಾರು. ನದಿಯಲ್ಲಿ ಮೂರೇ ಕಂಬ ನಿಲ್ಲಿಸಿದ್ದೂ ತೇಲಿಬರುವ ಮಂಜುಗಡ್ಡೆಗೆ, ಮರದ ತೆಪ್ಪಗಳಿಗೆ ದಾರಿ ಬಿಡಲೆಂದು. ‘ಮಂಜುಗಡ್ಡೆ ಸೀಳಲು ಕಂಬದ ಎದುರುಹರಿವಿನ ಬದಿಗಿರುವ ಚೂಪು ಮೂತಿ’ ಎಂದು ಮೊದಲ ಸಲ ಬಿಡಿಸಿ ಬರೆದು, ಆಮೇಲೆ ‘ಸೀಳುಮೂತಿ’ ಎಂದು ಮುಂದುವರಿಯಿರಿ.