ಸಮಸ್ಯಾಪೂರಣ: ವಿಧವೆಯ ಕೊರಳಿಗೆ ಮಾಂಗಲ್ಯ

ವಿರೋಧ ತೋರುವ ಒಂದು ಪಾದ ಕೊಟ್ಟಿದೆ; ಉಳಿದ ಮೂರು ಪಾದ ಕಟ್ಟಿ ವಿರೋಧ ಬಿಡಿಸಬೇಕು. ನಕ್ಷತ್ರ ಬಂದಲ್ಲೆಲ್ಲ ಮಾತನಾಡುವವರು ಬದಲಾಗುತ್ತಾರೆ.

ಸಮಸ್ಯೆ (ಕಂದದ ನಾಲ್ಕನೆಯ ಪಾದ):

ವಿಧವೆಯ ಕೊರಳೊಳ್ ವಿರಾಜಿಪುದು ಮಾಂಗಲ್ಯಂ

ವಸ್ತು: ತೆಲುಗಿನ ಲೇಖಕ, ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ (1848–1919). ಅವರು 1881ರ ಡಿಸೆಂಬರ್ 11ರಂದು ರಾಜಮಹೇಂದ್ರವರದಲ್ಲಿ ಮಾಡಿಸಿದ ಮೊದಲ ವಿಧವಾ ವಿವಾಹವೇ ಸಂದರ್ಭ. ಪ್ರಾಸಾಕ್ಷರ (ಪ್ರತಿ ಪಾದದ ಎರಡನೆಯ ಅಕ್ಷರ) ಧ, ಅದರ ಹಿಂದೆ ಲಘು.

*

“ಗೋದಾವರಿ ತಡಿಯೊಳಗಾ” ಎಂದು ಎತ್ತಿಕೊಳ್ಳಬಹುದೇ?

*

ಮಾತ್ರೆ ಹನ್ನೆರಡೂ ಸರಿ, ಪ್ರಾಸ ಕೆಟ್ಟಿತು ಸರ್. “ಗೋ” ಗುರು, ಸಾಲದ್ದಕ್ಕೆ ಬಂದದ್ದು ದ, ಧ ಅಲ್ಲ. ವಧು, ಬುಧ, ವಿಧಿ, ಸುಧೆ ಇಂಥವುಗಳಿಂದ ಹೊರಡಿ.

ಹೆಸರು ತರುವವರು ಜೋಕೆ. ವೀರೇ|ಶಲಿಂಗ ಎಂದು ಒಡೆಯುತ್ತದೆ. “ಶಲಿಂಗ” ಜಗಣ (ಲಘು-ಗುರು-ಲಘು, ∪–∪). ಪದ್ಯಾರ್ಧದ ಎಂಟು ಗಣಗಳಲ್ಲಿ 1, 3, 5, 7ಕ್ಕೆ ಜಗಣ ಸಲ್ಲದು. 6ಕ್ಕೆ ಜಗಣವೋ ಸರ್ವಲಘುವೋ ಬೇಕೇ ಬೇಕು. ಪಾದದ ಮೊದಲಿಗೇ ಇಟ್ಟರೆ ಪ್ರಾಸವೂ ಹೋಗುತ್ತದೆ. ಎರಡನೆಯ ಪಾದದಲ್ಲಿ ಒಂದು ಗಣ ಬಿಟ್ಟು ಇಡಿ, ತಾನಾಗಿ ಕೂರುತ್ತದೆ:

ವಿಧಿಯೆನದೆ ಬಾಲೆಗಿತ್ತಂ
ಬುಧನಾ ವೀರೇಶಲಿಂಗನೊಸಗೆಯ ಪೊೞ್ತಂ
ವಧುವಾದಳಲಾ! ನಿನ್ನಿನ
ವಿಧವೆಯ ಕೊರಳೊಳ್ ವಿರಾಜಿಪುದು ಮಾಂಗಲ್ಯಂ

*

“ನಿನ್ನಿನ” ಒಂದರಿಂದಲೇ ವಿರೋಧ ಕರಗಿತು, ಭೇಷ್! “ಬುಧ” ಪ್ರಾಸಕ್ಕೆಂದು ತುರುಕಿದ್ದಲ್ಲ. ಅವರು ಅಲ್ಲಿನ ಕಾಲೇಜಿನಲ್ಲಿ ತೆಲುಗು ಪಂಡಿತರಾಗಿದ್ದವರು. ಅದರ ಬಾಲದ “ಆ” ಮಾತ್ರ ಶುದ್ಧ ಭರ್ತಿ.

ತಕರಾರು “ವಿಧಿ”ಯದು. ಹಣೆಬರಹ ಎಂದರೆ ಒಪ್ಪಿದೆ. ಶಾಸ್ತ್ರವಿಧಿ ಎಂದು ಓದಿದರೆ ತಿರುಗುಮುರುಗಾಗುತ್ತದೆ: ಅವರು ಶಾಸ್ತ್ರ ಬಿಟ್ಟು ವಾದಿಸಿದವರಲ್ಲ, ಅದರಿಂದಲೇ ಆಧಾರ ತೆಗೆದು ಪಂಡಿತರ ಎದುರು ನಿಂತವರು. ಕಾನೂನು ಎಂದರೂ ಕಷ್ಟ, 1856ರಲ್ಲೇ ಅದು ಪುನರ್ವಿವಾಹಕ್ಕೆ ಒಪ್ಪಿಗೆ ಕೊಟ್ಟಿತ್ತು.

*

ರಾಜ್ಯಲಕ್ಷ್ಮಮ್ಮನವರು ಎಲ್ಲಿ? ಅಡುಗೆಯವರು, ನೀರು ತರುವವರು ಕೈಬಿಟ್ಟಾಗ ಗೋದಾವರಿಯಿಂದ ನೀರು ಹೊತ್ತು ಮದುವೆಯಡುಗೆ ಮಾಡಿದ್ದು ವೀರೇಶಲಿಂಗಂ ಅವರ ಹೆಂಡತಿಯಾದ ಇವರೇ. “ಜ್ಯಲಕ್ಷ್ಮಿ”ಯೂ ಜಗಣವೇ, ಅದೇ ಆರನೆಯ ಮನೆ:

ಬುಧಪತಿ ಮದುವೆಯನೆಸಗಲ್
ಸುಧೆಯೆನೆ ಸತಿ ರಾಜ್ಯಲಕ್ಷ್ಮಿಯಡುಗೆಯನಟ್ಟಳ್
ವಧುವೊಸೆದಿರಲಿಂತೀಗಳ
ವಿಧವೆಯ ಕೊರಳೊಳ್ ವಿರಾಜಿಪುದು ಮಾಂಗಲ್ಯಂ

ಮೊದಲ ಪೂರಣದ “ವಧುವಾದಳಲಾ” ಇಲ್ಲಿ ಇಟ್ಟರೆ ವಧುವಾದದ್ದು ರಾಜ್ಯಲಕ್ಷ್ಮಿಯೇ ಆಗಿಬಿಡುತ್ತಾರೆ! ಅದಕ್ಕೇ ಸಾಲು ಬದಲಾಯಿಸಿದೆ.

*

ಮೇಡಂ, “ಈಗಳ ವಿಧವೆ” ಎಂದರೆ ಈಗಲೂ ವಿಧವೆ ಎಂದಂತಲ್ಲವೇ?

*

ಒಡೆದು ನೋಡಿ: ಈಗಳ್ + ಅವಿಧವೆಯ. ಅವಿಧವೆ ಎಂದರೆ ಮುತ್ತೈದೆ. ಕೊಟ್ಟ ಪಾದದ ಒಂದಕ್ಷರವನ್ನೂ ಮುಟ್ಟಿಲ್ಲ, “ಅ”ಕಾರ ಮೂರನೆಯ ಪಾದದ ತುದಿಯ “ಳ”ದಲ್ಲಿ ಅಡಗಿದೆ.

*

ಇದನ್ನು ನಿರೋಷ್ಠ್ಯವಾಗಿ (ತುಟಿ ಕೂಡದ ಅಕ್ಷರಗಳಿಂದಲೇ) ಪೂರೈಸಲಾದೀತೇ? “ಶುದ್ಧಾಂಧ್ರ ನಿರೋಷ್ಠ್ಯ ನಿರ್ವಚನ ನೈಷಧಮು” ಬರೆದ ವೀರೇಶಲಿಂಗಂ ಅವರ ಮೇಲಿನ ಪದ್ಯ ಅಂತ ಕೇಳಿದೆ.

*

ಆಗದು. ಸಮಸ್ಯೆಯಲ್ಲೇ “ಮಾಂಗಲ್ಯಂ” ಇದೆ. ಮಕಾರಕ್ಕೂ ಕೊನೆಯ ಸೊನ್ನೆಗೂ ತುಟಿ ಕೂಡಿಯೇ ಕೂಡುತ್ತದೆ. ಬೇಕಾದರೆ ಮೊದಲ ಮೂರು ಪಾದಗಳಿಗಷ್ಟೇ ನಿಯಮ ಹಾಕಿಕೊಳ್ಳಿ.